ಹತ್ತೇ ಅಂಕಿ, ನೂರೆಂಟು ವೇಷ: ಸ್ಪ್ರೆಡ್‌ಶೀಟಿನಲ್ಲಿ ಫೋನ್ ನಂಬರ್ ಶುಚಿಗೊಳಿಸುವ ಸೂತ್ರಗಳು

ಯಾವುದಾದರೂ ಸಂಘದ ಸದಸ್ಯರ ಪಟ್ಟಿ ತೆರೆದು ನೋಡಿ. ಒಬ್ಬರು 9876543210 ಎಂದು ಕೊಟ್ಟಿರುತ್ತಾರೆ. ಇನ್ನೊಬ್ಬರದು +91 98765-43210, ಮತ್ತೊಬ್ಬರದು 098765 43210, ಹಿರಿಯರೊಬ್ಬರದು ೯೮೭೬೫೪೩೨೧೦. ಓದುವವರಿಗೆ ನಾಲ್ಕೂ ಒಂದೇ, ಸ್ಪ್ರೆಡ್‌ಶೀಟಿಗೆ ಮಾತ್ರ ನಾಲ್ಕೂ ಬೇರೆ ಬೇರೆ. ಹಾಗಾಗಿ ಒಬ್ಬರಿಗೇ ನಾಲ್ಕು ಸಲ ಸಂದೇಶ ಹೋಗುತ್ತದೆ, ಅಥವಾ ಒಮ್ಮೆಯೂ ಹೋಗುವುದಿಲ್ಲ.

ಅಡ್ಡಗೆರೆ, ಆವರಣ, ಖಾಲಿ ಜಾಗಗಳನ್ನು ಕಿತ್ತುಹಾಕುವುದು ಅಂಥ ಕಷ್ಟವೇನಲ್ಲ. ನಿಜವಾದ ಅಪಾಯ ಬೇರೆ: ಅವಸರದ ಸೂತ್ರವೊಂದು ತಪ್ಪು ನಂಬರನ್ನು ತಿದ್ದಿ ತೀಡಿ, ಹತ್ತಂಕಿಯ ಅಂದವಾದ ನಂಬರಾಗಿಸಿ ಕೂರಿಸುತ್ತದೆ. ಕೆಟ್ಟಂತೆ ಕಾಣುವ ನಂಬರನ್ನು ಯಾರಾದರೂ ತಿದ್ದುತ್ತಾರೆ. ಸರಿಯಾಗಿ ಕಾಣುವ ತಪ್ಪು ನಂಬರು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಓದುವ ಮುನ್ನ ಎರಡು ಮಾತು. ಸೂತ್ರಗಳ ಹೆಸರು, ಕಾಲಮ್‌ಗಳ ಹೆಸರು ಇಲ್ಲಿ ಕನ್ನಡ ಲಿಪಿಯಲ್ಲಿವೆ. ಹಾಳೆಯಲ್ಲಿ ಅವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು. ಎ2 ಎಂದರೆ ಮೊದಲ ಕಾಲಮ್ಮಿನ ಎರಡನೇ ಸಾಲು. ನಂಬರುಗಳೆಲ್ಲ ಮಾದರಿಗೆ ಮಾತ್ರ, ಯಾರೂ ಕರೆ ಮಾಡಬೇಡಿ.

ಸೂತ್ರಕ್ಕೂ ಮೊದಲೇ ಆಗುವ ಹಾನಿ

ಫೋನ್ ನಂಬರು ಸಂಖ್ಯೆಯಲ್ಲ. ಎರಡು ಫೋನ್ ನಂಬರುಗಳನ್ನು ಯಾರೂ ಕೂಡಿಸುವುದಿಲ್ಲ. ಅದು ಅಂಕಿಗಳಿಂದಾದ ಹೆಸರು ಅಷ್ಟೇ. ಎಕ್ಸೆಲ್ಲಿಗೆ ಇದು ಗೊತ್ತಿಲ್ಲ. ಅಂಕಿ ಕಂಡರೆ ಲೆಕ್ಕಕ್ಕೆ ಕೂರುತ್ತದೆ. 09876543210 ಎಂದು ಹೊಡೆದರೆ ಮುಂದಿನ ಸೊನ್ನೆ ಬೆಲೆಯಿಲ್ಲದ್ದೆಂದು ಬಿಸಾಡುತ್ತದೆ. +919876543210 ಎಂದರೆ ಕೂಡುವ ಚಿಹ್ನೆಯನ್ನು ನುಂಗುತ್ತದೆ. +91-98765-43210 ಎಂದು ಹೊಡೆದು ಎಂಟರ್ ಒತ್ತಿದರಂತೂ ನಂಬರಿನ ಜಾಗದಲ್ಲಿ -141884 ಬಂದು ಕೂತಿರುತ್ತದೆ: 91ರಿಂದ 98765 ಕಳೆದು, ಅದರಿಂದ 43210 ಕಳೆದ ಉತ್ತರ.

ಹನ್ನೆರಡು ಅಂಕಿ ಮುಟ್ಟಿದರೆ ಇನ್ನೊಂದು ಆಟ. 919876543210 ಎಂಬುದು 9.19877ಇ+11 ಎಂದು ತೋರುತ್ತದೆ. ಇಲ್ಲಿಯವರೆಗೆ ಹಾನಿಯಿಲ್ಲ, ಪೂರ್ತಿ ನಂಬರು ಒಳಗೆ ಭದ್ರವಾಗಿದೆ, ಸೆಲ್ ಫಾರ್ಮ್ಯಾಟನ್ನು ದಶಾಂಶವಿಲ್ಲದ ನಂಬರ್ ಎಂದು ಬದಲಿಸಿದರೆ ಮತ್ತೆ ಕಾಣುತ್ತದೆ. ಆದರೆ ಅದೇ ಸ್ಥಿತಿಯಲ್ಲಿ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಪಠ್ಯದ ಕಡತ) ಆಗಿ ಉಳಿಸಿದರೆ ಕಡತಕ್ಕೆ ಹೋಗುವುದು ಒಳಗಿನ ನಂಬರಲ್ಲ, ಮೇಲೆ ಕಾಣುವ ರೂಪ. ಮರಳಿ ತೆರೆದಾಗ ಸಿಗುವುದು 919877000000. ಮುಂದಿನ 91 ತೆಗೆದರೆ 9877000000: ಹತ್ತಂಕಿ, 9ರಿಂದ ಆರಂಭ, ಎಲ್ಲ ಪರೀಕ್ಷೆಯಲ್ಲೂ ಪಾಸು, ಆದರೆ ನಂಬರು ಹೋಗಿಬಿಟ್ಟಿದೆ. ಇದನ್ನು ಯಾವ ಸೂತ್ರವೂ ವಾಪಸು ತರಲಾರದು. ಪಟ್ಟಿ ಕೈಗೆ ಬಂದ ಕೂಡಲೇ =ರೈಟ್(ಎ2,5)="00000" ಹಾಕಿ ಫಿಲ್ಟರ್ ಮಾಡಿ. ನಾಲ್ಕೈದಕ್ಕಿಂತ ಹೆಚ್ಚು ಸಾಲು ಸಿಕ್ಕರೆ ಮೂಲ ಕಡತವನ್ನೇ ಮತ್ತೆ ಕೇಳಿ.

ತಡೆಯುವ ದಾರಿ ಒಂದೇ: ಅಂಕಿ ಒಳಗೆ ಬರುವ ಮೊದಲೇ ಕಾಲಮ್ಮನ್ನು ಪಠ್ಯವೆಂದು ಗುರುತಿಸುವುದು. ಬಂದ ಮೇಲೆ ಗುರುತಿಸಿದರೆ ಹೋದ ಸೊನ್ನೆ ಮರಳುವುದಿಲ್ಲ. ಸಿಎಸ್‌ವಿ ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆಯುವ ಅಭ್ಯಾಸ ಬಿಡಿ. ಎಕ್ಸೆಲ್ಲಿನಲ್ಲಿ ಡೇಟಾ ಮೆನುವಿನಿಂದ ಆಮದು ಮಾಡಿಕೊಂಡು, ಆ ಕಾಲಮ್ಮಿಗೆ ಟೆಕ್ಸ್ಟ್ ಎಂಬ ಬಗೆ ಆರಿಸಿ. ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನುವಿನ ಇಂಪೋರ್ಟ್ ಕಿಟಕಿಯಲ್ಲಿ, ಪಠ್ಯವನ್ನು ಸಂಖ್ಯೆ, ದಿನಾಂಕ, ಸೂತ್ರಗಳಾಗಿ ಬದಲಿಸುವ ಆಯ್ಕೆಯ ಗುರುತು ತೆಗೆಯಿರಿ.

ಕಾಣದ ಅಕ್ಷರಗಳು

ಕಾಣುವುದು ಹತ್ತೇ ಅಂಕಿ, ಅಕ್ಷರ ಎಣಿಸುವ =ಲೆನ್(ಎ2) ಕೇಳಿದರೆ 12 ಎನ್ನುತ್ತದೆ. ಉಳಿದೆರಡು ಎಲ್ಲಿಂದ ಬಂದವು? ಮೊಬೈಲಿನ ಅಥವಾ ಕಂಪ್ಯೂಟರಿನ ಸಂಪರ್ಕ ಪಟ್ಟಿಯಿಂದ ನಕಲಿಸಿದ ನಂಬರಿನ ಹಿಂದೆ ಮುಂದೆ ಬರಹದ ದಿಕ್ಕು ಸೂಚಿಸುವ, ಕಣ್ಣಿಗೆ ಕಾಣದ ಚಿಹ್ನೆಗಳು ಅಂಟಿಕೊಂಡು ಬರುವುದುಂಟು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಅವುಗಳ ಸಂಖ್ಯೆ 8234 ಮತ್ತು 8236. ವೆಬ್ ಪುಟದಿಂದ ಬಂದದ್ದಾದರೆ 160ನೆಯ ಖಾಲಿ ಜಾಗ ಇರುವ ಸಂಭವ ಹೆಚ್ಚು.

ಇವಕ್ಕೆ ಎಲ್ಲರೂ ಮೊದಲು ಹುಡುಕುವ ಮದ್ದು ಟ್ರಿಮ್ ಮತ್ತು ಕ್ಲೀನ್. ಎರಡೂ ಇಲ್ಲಿ ನಾಟುವುದಿಲ್ಲ. ಟ್ರಿಮ್ ತೆಗೆಯುವುದು 32ನೆಯ ಸಂಖ್ಯೆಯ ಮಾಮೂಲಿ ಖಾಲಿ ಜಾಗವನ್ನು ಮಾತ್ರ. ಕ್ಲೀನ್ ತೆಗೆಯುವುದು 0ರಿಂದ 31ರವರೆಗಿನ ನಿಯಂತ್ರಣ ಚಿಹ್ನೆಗಳನ್ನು. ಕಳ್ಳ ಯಾರೆಂದು ತಿಳಿಯಬೇಕಾದರೆ =ಯುನಿಕೋಡ್(ಮಿಡ್(ಎ2,1,1)) ಎಂದು ಮೊದಲ ಅಕ್ಷರದ ಸಂಖ್ಯೆ ಕೇಳಿ. ಉತ್ತರ 48ರಿಂದ 57ರ ಒಳಗಿದ್ದರೆ ಅದು ಅಂಕಿ, ಇಲ್ಲವಾದರೆ ಬೇರೇನೋ.

ಹಾಗಾಗಿ ಬೇಡದ್ದನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ ತೆಗೆಯುವುದಕ್ಕಿಂತ, ಬೇಕಾದ್ದನ್ನು ಮಾತ್ರ ಉಳಿಸಿಕೊಳ್ಳುವುದು ಜಾಣತನ.

ಅಂಕಿಗಳನ್ನಷ್ಟೇ ಉಳಿಸುವುದು

ಗೂಗಲ್ ಶೀಟ್ಸ್‌ನಲ್ಲಿ ಒಂದು ಸಾಲು ಸಾಕು:

=ರೆಜೆಕ್ಸ್‌ರಿಪ್ಲೇಸ್(ಎ2&"","[^0-9]","")

0ಯಿಂದ 9ರವರೆಗಿನ ಅಂಕಿಯಲ್ಲದ್ದನ್ನೆಲ್ಲ ಖಾಲಿಯಿಂದ ಬದಲಿಸು ಎಂದರ್ಥ. ನಡುವಿನ &"" ಅಲಂಕಾರಕ್ಕಲ್ಲ. ಈ ಸೂತ್ರ ಪಠ್ಯವನ್ನಷ್ಟೇ ಒಪ್ಪುತ್ತದೆ. ಸೆಲ್ಲಿನಲ್ಲಿ ಸಂಖ್ಯೆ ಇದ್ದರೆ ದೋಷ ತೋರಿಸುತ್ತದೆ. ಖಾಲಿ ಪಠ್ಯವನ್ನು ಜೋಡಿಸಿದರೆ ಸಂಖ್ಯೆಯೂ ಪಠ್ಯವಾಗುತ್ತದೆ. ಅದೇ ಕೆಲಸಕ್ಕೆ =ಟೆಕ್ಸ್ಟ್(ಎ2,"0") ಬಳಸುವವರಿದ್ದಾರೆ. ಬೇಡ, ಪಠ್ಯವಾಗಿ ಜೋಪಾನವಾಗಿದ್ದ 08023456789 ಅದರ ಕೈಗೆ ಸಿಕ್ಕಿದರೆ ಮೊದಲು ಸಂಖ್ಯೆಯಾಗಿ, ಸೊನ್ನೆ ಕಳೆದುಕೊಂಡು ಹೊರಬರುತ್ತದೆ.

ಮೈಕ್ರೋಸಾಫ್ಟ್ 365ರ ಹೊಸ ಎಕ್ಸೆಲ್ಲಿನಲ್ಲೂ ಈಗ ಇದೇ ಹೆಸರಿನ ಸೂತ್ರವಿದೆ. ಎಕ್ಸೆಲ್ 2021 ಇರುವವರಿಗೆ ಇದು:

=ಟೆಕ್ಸ್ಟ್‌ಜಾಯಿನ್("",ಟ್ರೂ,ಇಫ್‌ಎರರ್(ಮಿಡ್(ಎ2,ಸೀಕ್ವೆನ್ಸ್(ಲೆನ್(ಎ2)),1)+0,""))

ಮಿಡ್ ಒಂದೊಂದೇ ಅಕ್ಷರ ಬಿಡಿಸಿಕೊಡುತ್ತದೆ, +0 ಪ್ರತಿಯೊಂದನ್ನೂ ಸಂಖ್ಯೆಯಾಗಿಸಲು ನೋಡುತ್ತದೆ. ಅಂಕಿಯಾದರೆ ಆಗುತ್ತದೆ, ಅಡ್ಡಗೆರೆಯಾದರೆ ದೋಷ, ಇಫ್‌ಎರರ್ ಅದನ್ನು ಖಾಲಿ ಮಾಡುತ್ತದೆ. ಉಳಿದದ್ದನ್ನು ಟೆಕ್ಸ್ಟ್‌ಜಾಯಿನ್ ಪೋಣಿಸುತ್ತದೆ. ಇನ್ನೂ ಹಳೆಯ ಎಕ್ಸೆಲ್ಲಿನಲ್ಲಿ ಸಬ್‌ಸ್ಟಿಟ್ಯೂಟ್ ಒಳಗೆ ಸಬ್‌ಸ್ಟಿಟ್ಯೂಟ್ ತುರುಕುವುದೇ ಗತಿ. ಲಿಬ್ರೆಆಫೀಸ್ ಬಳಸುವವರಿಗೆ ರೆಜೆಕ್ಸ್ ಎಂಬ ಸೂತ್ರವಿದೆ. ಅದರ ಕೊನೆಯ ಜಾಗದಲ್ಲಿ ಉದ್ಧರಣ ಚಿಹ್ನೆಯೊಳಗೆ ಇಂಗ್ಲಿಷಿನ ಸಣ್ಣ ಜಿ ಅಕ್ಷರ ಹಾಕುವುದನ್ನು ಮರೆತರೆ ಮೊದಲ ಅಡ್ಡಗೆರೆಯೊಂದನ್ನೇ ತೆಗೆದು ಸುಮ್ಮನಾಗುತ್ತದೆ.

ಇನ್ನು ಕನ್ನಡ ಅಂಕಿಗಳು. ಮೇಲಿನ ಯಾವ ಸೂತ್ರಕ್ಕೂ ೯ ಎಂಬುದು ಅಂಕಿಯೇ ಅಲ್ಲ. ೯೮೭೬೫೪೩೨೧೦ ಕೊಟ್ಟರೆ ದೋಷವನ್ನೂ ತೋರಿಸದೆ ಇಡೀ ನಂಬರನ್ನು ಗುಡಿಸಿಹಾಕಿ ಖಾಲಿ ಸೆಲ್ ಕೊಡುತ್ತದೆ. ಕನ್ನಡದಲ್ಲಿ ಅರ್ಜಿ ತುಂಬಿಸಿಕೊಳ್ಳುವ ಸಂಸ್ಥೆಗಳಲ್ಲಿ, ಕನ್ನಡದಲ್ಲಿ ಬರೆದವರ ನಂಬರೇ ಮೊದಲು ಕಾಣೆಯಾಗುತ್ತದೆ! ಯುನಿಕೋಡಿನಲ್ಲಿ ೦ಯ ಸಂಖ್ಯೆ 3302, ೯ರದು 3311, ನಡುವಿನವು ಕ್ರಮವಾಗಿ ಸಾಲಾಗಿವೆ. ಆ ಕ್ರಮವನ್ನೇ ಬಳಸಿಕೊಂಡು ಮೊದಲು ಹತ್ತೂ ಅಂಕಿಗಳನ್ನು ಬದಲಿಸಿ, ಆಮೇಲೆ ಶುಚಿ ಮಾಡಬೇಕು. ಬಿ2 ಸೆಲ್ಲಿಗೆ:

=ರೆಜೆಕ್ಸ್‌ರಿಪ್ಲೇಸ್(ರೆಡ್ಯೂಸ್(ಎ2&"",ಸೀಕ್ವೆನ್ಸ್(10,1,0),ಲ್ಯಾಮ್ಡಾ(ಎಕ್ಸ್,ಕೆ,ಸಬ್‌ಸ್ಟಿಟ್ಯೂಟ್(ಎಕ್ಸ್,ಯುನಿಚಾರ್(3302+ಕೆ),ಕೆ))),"[^0-9]","")

ಇಷ್ಟಾದರೂ ಒಂದು ಬಾಕಿ ಉಳಿಯಬಹುದು. ಸೊನ್ನೆ ೦ ಮತ್ತು ಅನುಸ್ವಾರ ಂ ನೋಡಲು ಒಂದೇ ಥರ, ಯುನಿಕೋಡಿನಲ್ಲಿ ಬೇರೆ. ಅನುಸ್ವಾರದ ಸಂಖ್ಯೆ 3202. ಕನ್ನಡದಲ್ಲಿ ಟೈಪ್ ಮಾಡುವವರು ಒಂದರ ಜಾಗದಲ್ಲಿ ಇನ್ನೊಂದು ಹಾಕಿಬಿಡುತ್ತಾರೆ. ಒಂಬತ್ತೇ ಅಂಕಿ ಉಳಿದ ಕನ್ನಡ ನಂಬರುಗಳಲ್ಲಿ ಮೊದಲು ಸಂಶಯಿಸಬೇಕಾದ್ದು ಇದನ್ನೇ.

ಮುಂದಿನ ಬಾಲ ಕತ್ತರಿಸುವಾಗ

ಈಗ ಬಿ ಕಾಲಮ್ಮಿನಲ್ಲಿ ಬರೀ ಅಂಕಿಗಳಿವೆ, ಆದರೆ ಮುಂದೆ 0, 91, 0091 ಅಂಟಿಕೊಂಡಿವೆ. 91 ನಮ್ಮ ದೇಶದ ಸಂಕೇತ. 0 ಎಂಬುದು ದೇಶದೊಳಗಿನ ದೂರದ ಕರೆಗೆ ಹಾಕುವ ಮುನ್ನಂಕಿ. 2021ರ ಜನವರಿಯಿಂದ ಸ್ಥಿರ ದೂರವಾಣಿಯಿಂದ ಯಾವ ಮೊಬೈಲಿಗೆ ಕರೆ ಮಾಡಬೇಕಾದರೂ ಇದು ಕಡ್ಡಾಯವಾದ್ದರಿಂದ ಬಹಳ ಜನ ಸೊನ್ನೆ ಸೇರಿಸಿಯೇ ಬರೆದಿಟ್ಟುಕೊಂಡಿದ್ದಾರೆ.

ಎಲ್ಲರೂ ಹೇಳಿಕೊಡುವ ಉಪಾಯ =ರೈಟ್(ಬಿ2,10), ಅಂದರೆ ಕೊನೆಯ ಹತ್ತು ಅಂಕಿ ಮಾತ್ರ ತೆಗೆದುಕೊ. ನೂರರಲ್ಲಿ ತೊಂಬತ್ತೈದು ಸಾಲಿಗೆ ಸರಿಹೋಗಬಹುದು. ಉಳಿದ ಐದರಲ್ಲಿ ಇದು ಮಾಡುವ ಅನಾಹುತ ನೋಡಿ. ಯಾರೋ ಕೈತಪ್ಪಿ ಕೊನೆಗೊಂದು ಸೊನ್ನೆ ಹೆಚ್ಚು ಒತ್ತಿ 98765432100 ಎಂದು ಕೊಟ್ಟರು. ಕೊನೆಯ ಹತ್ತು ಅಂಕಿ 8765432100. ಅದು ಇನ್ನೊಬ್ಬರ ನಂಬರು! ಇದು ಅಪರೂಪವೂ ಅಲ್ಲ. ಬೇರೆ ತಂತ್ರಾಂಶದಿಂದ ರಫ್ತಾದ ಪಟ್ಟಿಗಳಲ್ಲಿ ನಂಬರು ದಶಾಂಶವಾಗಿ 9876543210.0 ಎಂಬ ಪಠ್ಯರೂಪದಲ್ಲಿ ಬರುತ್ತದೆ. ಚುಕ್ಕೆ ತೆಗೆದ ಕೂಡಲೇ ಕೊನೆಯ ಸೊನ್ನೆ ನಂಬರಿಗೆ ಅಂಟಿ ಹನ್ನೊಂದು ಅಂಕಿಯಾಗುತ್ತದೆ. ಆಗ ರೈಟ್ ಹಾಕಿದರೆ ಇಡೀ ಪಟ್ಟಿಯೇ ಒಂದೊಂದು ಅಂಕಿ ಸರಿದು, ಎಲ್ಲರ ಫೋನೂ ಮತ್ಯಾರದ್ದೋ ಆಗಿರುತ್ತದೆ.

ಇನ್ನೊಂದು ಜನಪ್ರಿಯ ತಪ್ಪು =ಸಬ್‌ಸ್ಟಿಟ್ಯೂಟ್(ಬಿ2,"91",""). ಇದು ಮುಂದಿನ 91 ಮಾತ್ರವಲ್ಲ, ನಡುವಿನ 91ನ್ನೂ ತೆಗೆಯುತ್ತದೆ. 919876915432 ಹೋಗಿ 98765432 ಉಳಿಯುತ್ತದೆ, ಎಂಟೇ ಅಂಕಿ. ಇದಾದರೂ ವಾಸಿ, ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ.

ನಿಯಮ ಹೀಗಿರಲಿ: ಎಷ್ಟು ಅಂಕಿ ಹೆಚ್ಚಿವೆಯೋ ಅಷ್ಟಕ್ಕೂ ಮುಂಭಾಗದಲ್ಲಿ ಕಾರಣ ಸಿಗಬೇಕು. ಹನ್ನೊಂದಾದರೆ ಮೊದಲನೆಯದು 0 ಆಗಿರಬೇಕು, ಹನ್ನೆರಡಾದರೆ ಮೊದಲೆರಡು 91. ಲೆಕ್ಕ ತಾಳೆಯಾಗದಿದ್ದರೆ ಮುಟ್ಟಬಾರದು. ಸಿ2 ಸೆಲ್ಲಿಗೆ:

=ಇಫ್ಸ್(
ಬಿ2="","ಖಾಲಿ",
ಐಎಸ್‌ನಂಬರ್(ಫೈಂಡ್("/",ಎ2)),"ಎರಡು ನಂಬರ್",
ಆ್ಯಂಡ್(ಐಎಸ್‌ನಂಬರ್(ಫೈಂಡ್("+",ಎ2)),ಲೆಫ್ಟ್(ಬಿ2,2)<>"91"),"ವಿದೇಶ",
ಲೆನ್(ಬಿ2)=10,ಬಿ2,
ಆ್ಯಂಡ್(ಲೆನ್(ಬಿ2)=11,ಲೆಫ್ಟ್(ಬಿ2,1)="0"),ರೈಟ್(ಬಿ2,10),
ಆ್ಯಂಡ್(ಲೆನ್(ಬಿ2)=12,ಲೆಫ್ಟ್(ಬಿ2,2)="91"),ರೈಟ್(ಬಿ2,10),
ಆ್ಯಂಡ್(ಲೆನ್(ಬಿ2)=13,ಆರ್(ಲೆಫ್ಟ್(ಬಿ2,3)="091",ಲೆಫ್ಟ್(ಬಿ2,3)="910")),ರೈಟ್(ಬಿ2,10),
ಆ್ಯಂಡ್(ಲೆನ್(ಬಿ2)=14,ಲೆಫ್ಟ್(ಬಿ2,4)="0091"),ರೈಟ್(ಬಿ2,10),
ಟ್ರೂ,"ನೋಡಬೇಕು")

ಇಲ್ಲೂ ರೈಟ್ ಇದೆ, ಆದರೆ ಉದ್ದ ಮತ್ತು ಮುಂಭಾಗ ಖಚಿತವಾದ ಮೇಲೆ ಬಂದಿದೆ. 910 ಯಾಕೆಂದರೆ +91 (0) 98765 43210 ಎಂದು ಬರೆಯುವವರಿದ್ದಾರೆ. ಉದ್ಧರಣ ಚಿಹ್ನೆಗಳನ್ನು ಬಿಡಬೇಡಿ: ಲೆಫ್ಟ್ ಕೊಡುವುದು ಪಠ್ಯ, ಅದನ್ನು ಬರೀ 91 ಎಂಬ ಸಂಖ್ಯೆಗೆ ಹೋಲಿಸಿದರೆ ಉತ್ತರ ಯಾವತ್ತೂ ಸುಳ್ಳೇ. ಸೂತ್ರ ಸರಿಯಿದ್ದಂತೆ ಕಂಡರೂ ಸಾಲು ಸಾಲಿಗೆ "ನೋಡಬೇಕು" ಎಂದೇ ಉತ್ತರ ಬಂದರೆ ಮೊದಲು ಇದನ್ನು ಪರೀಕ್ಷಿಸಿ. ಇಫ್ಸ್ ಇಲ್ಲದ, 2019ಕ್ಕೂ ಹಿಂದಿನ ಎಕ್ಸೆಲ್ಲಿನಲ್ಲಿ ಇಫ್ ಒಳಗೆ ಇಫ್ ಬರೆದುಕೊಳ್ಳಬೇಕು.

ಓರೆಗೆರೆಯ ಪರೀಕ್ಷೆ ಅಷ್ಟು ಮೇಲೆ ಯಾಕೆ? ನಮ್ಮಲ್ಲಿ ಪಕ್ಕದ ನಂಬರನ್ನು ಬಾಲವಾಗಿ ಬರೆಯುವ ರೂಢಿಯಿದೆ: 9187654321/22 ಎಂದರೆ 21ರಲ್ಲಿ ಮುಗಿಯುವುದೊಂದು, 22ರಲ್ಲಿ ಮುಗಿಯುವುದೊಂದು. ಓರೆಗೆರೆ ತೆಗೆದರೆ 918765432122. ಹನ್ನೆರಡು ಅಂಕಿ, ಮುಂದೆ 91. ಸೂತ್ರ ಖುಷಿಯಿಂದ 91 ಕತ್ತರಿಸಿ 8765432122 ಕೊಡುತ್ತದೆ. ಅದು ಆ ಎರಡೂ ನಂಬರಲ್ಲ. ಹಾಗಾಗಿ ಮೂಲ ಎ2ನ್ನೇ ಮೊದಲು ನೋಡಬೇಕು. ಎರಡು ನಂಬರಿನ ಸಾಲುಗಳನ್ನು ಒಡೆಯಲು ಶೀಟ್ಸ್‌ನ ಸ್ಪ್ಲಿಟ್ ಬಳಸಿದರೆ ಅದು ಒಡೆದ ತುಂಡುಗಳನ್ನು ಮತ್ತೆ ಸಂಖ್ಯೆಯಾಗಿಸಿ ಮುಂದಿನ ಸೊನ್ನೆ ತಿನ್ನುತ್ತದೆ; ಎಕ್ಸೆಲ್ಲಿನ ಟೆಕ್ಸ್ಟ್‌ಸ್ಪ್ಲಿಟ್ ಪಠ್ಯವಾಗಿಯೇ ಇಡುತ್ತದೆ. ಅಂಥ ಸಾಲು ಇಪ್ಪತ್ತೋ ಮೂವತ್ತೋ ಇದ್ದರೆ ಕೈಯಲ್ಲೇ ಬಿಡಿಸುವುದು ಬೇಗ ಆಗುತ್ತದೆ.

ವಿದೇಶದ ನಂಬರಿಗೆ ಲೆಫ್ಟ್ ಬದಲು ಫೈಂಡ್ ಹಾಕಿದ್ದಕ್ಕೂ ಕಾರಣವಿದೆ. ಕೂಡುವ ಚಿಹ್ನೆಯ ಮುಂದೆ ಆ 8234ರ ಕಾಣದ ಚಿಹ್ನೆ ಕೂತಿದ್ದರೆ ಮೊದಲ ಅಕ್ಷರ + ಆಗಿರುವುದಿಲ್ಲ. ದುಬೈನಲ್ಲಿರುವವರ +971 ಹೀಗೆ ಬೇರೆಯಾಗುತ್ತದೆ. ಅಮೆರಿಕದವರದೇ ಕಷ್ಟ: ಅಲ್ಲಿಯೂ ಹತ್ತಂಕಿ, ಬಹಳ ಮಂದಿ +1 ಬರೆಯುವುದೇ ಇಲ್ಲ. ಅಲ್ಲಿನ 408 ಎಂಬ ಪ್ರದೇಶ ಸಂಕೇತದ ನಂಬರು 4ರಿಂದ ಆರಂಭವಾಗುವುದರಿಂದ ಮುಂದಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, 650ರದ್ದು ಭಾರತದ ಮೊಬೈಲಿನಂತೆಯೇ ನುಸುಳುತ್ತದೆ. ಹೊರದೇಶದ ಸದಸ್ಯರಿರುವ ಪಟ್ಟಿಗೆ ದೇಶದ ಕಾಲಮ್ಮೊಂದು ಬೇಕೇ ಬೇಕು. ಸೂತ್ರದಿಂದ ಊಹಿಸುವ ವಿಷಯವಲ್ಲ ಅದು.

ಮೊಬೈಲಿನ ವೇಷದ ಲ್ಯಾಂಡ್‌ಲೈನ್

ಭಾರತದ ಮೊಬೈಲ್ ನಂಬರು 6, 7, 8 ಅಥವಾ 9ರಿಂದ ಆರಂಭವಾಗುತ್ತದೆ. ಡಿ2ರಲ್ಲಿ ಇಷ್ಟು ಸಾಕು:

=ಇಫ್(ಐಎಸ್‌ನಂಬರ್(ಫೈಂಡ್(ಲೆಫ್ಟ್(ಸಿ2,1),"6789")),"ಸರಿ","ನೋಡಬೇಕು")

ಮುಂಬೈಯ 022, ದೆಹಲಿಯ 011, ಚೆನ್ನೈಯ 044 ಸೊನ್ನೆ ಕಳೆದುಕೊಂಡರೂ 2, 1, 4ರಿಂದ ಆರಂಭವಾಗಿ ತಾವಾಗಿಯೇ ಹೊರಬೀಳುತ್ತವೆ. 1800ರ ಉಚಿತ ಕರೆ ನಂಬರುಗಳೂ ಅಷ್ಟೇ. ಆದರೆ ಕರ್ನಾಟಕದ ಎಸ್‌ಟಿಡಿ ಕೋಡುಗಳೆಲ್ಲ 08ರಿಂದ ಆರಂಭ. ಎಸ್‌ಟಿಡಿ ಕೋಡಿನ ಸೊನ್ನೆ ಬಿಟ್ಟರೆ ಸ್ಥಿರ ದೂರವಾಣಿಯೂ ಒಟ್ಟು ಹತ್ತೇ ಅಂಕಿ: ಬೆಂಗಳೂರಿನ 80ರ ಮುಂದೆ ಎಂಟು, ಮೈಸೂರಿನ 821ರ ಮುಂದೆ ಏಳು, ಕಲಬುರಗಿಯ 8472ರ ಮುಂದೆ ಆರು. ಹೀಗಾಗಿ 080-23456789 ಎಂಬುದು 8023456789 ಆಗಿ, ಮೊಬೈಲುಗಳ ಸಾಲಿನಲ್ಲಿ ಸಂಭಾವಿತನಂತೆ ನಿಲ್ಲುತ್ತದೆ. ಸಾವಿರ ಜನಕ್ಕೆ ಎಸ್ಸೆಮ್ಮೆಸ್ ಕಳಿಸಿ ಐವತ್ತು ತಲುಪದಿದ್ದಾಗ, ಆ ಐವತ್ತರಲ್ಲಿ ಇವು ಇರುತ್ತವೆ.

ಬರೀ 80 ಎಂದು ಹುಡುಕಿ ತೆಗೆಯಲಾಗದು, 8050, 8095 ಮುಂತಾದವು ಮೊಬೈಲುಗಳೇ. ಗುರುತು ಸಿಗುವುದು ಕೋಡಿನ ನಂತರದ ಅಂಕಿಯಲ್ಲಿ: ಬಿಎಸ್‌ಎನ್‌ಎಲ್ ಸ್ಥಿರ ದೂರವಾಣಿಗಳು ಕೋಡಿನ ಮುಂದೆ 2ರಿಂದ ಆರಂಭವಾಗುತ್ತವೆ, ಬೆಂಗಳೂರಿನಲ್ಲಿ ಖಾಸಗಿ ಕಂಪನಿಗಳವು 4ರಿಂದಲೂ ಇವೆ. 8212 ಮೈಸೂರಿನ ಲ್ಯಾಂಡ್‌ಲೈನ್, 8217 ಮೊಬೈಲ್. ಹಾಳೆಯ ಪಕ್ಕದಲ್ಲಿ, ಎಚ್2ರಿಂದ ಎಚ್9ರವರೆಗೆ, ಇವನ್ನು ಪಠ್ಯವಾಗಿ ಬರೆಯಿರಿ: ಬೆಂಗಳೂರಿಗೆ 802 ಮತ್ತು 804, ಮೈಸೂರಿಗೆ 8212, ಮಂಗಳೂರಿಗೆ 8242, ಹುಬ್ಬಳ್ಳಿ-ಧಾರವಾಡಕ್ಕೆ 8362, ಬೆಳಗಾವಿಗೆ 8312, ಶಿವಮೊಗ್ಗಕ್ಕೆ 81822, ಕಲಬುರಗಿಗೆ 84722. ನಿಮ್ಮ ಪಟ್ಟಿಯ ಊರುಗಳಿಗೆ ತಕ್ಕಂತೆ ಸೇರಿಸಿಕೊಳ್ಳಿ. ಇ2ರಲ್ಲಿ:

=ಇಫ್(ಸಮ್‌ಪ್ರಾಡಕ್ಟ್(--(ಲೆಫ್ಟ್(ಸಿ2,ಲೆನ್($ಎಚ್$2:$ಎಚ್$9))=$ಎಚ್$2:$ಎಚ್$9&""))>0,"ಲ್ಯಾಂಡ್‌ಲೈನ್","")

ಕೋಡುಗಳ ನಡುವೆ ಒಂದೇ ಒಂದು ಖಾಲಿ ಸೆಲ್ ಇದ್ದರೂ ಪಟ್ಟಿಯ ಎಲ್ಲ ನಂಬರೂ ಲ್ಯಾಂಡ್‌ಲೈನ್ ಆಗಿಬಿಡುತ್ತವೆ. ಖಾಲಿ ಸೆಲ್ಲಿನ ಉದ್ದ ಸೊನ್ನೆ, ಯಾವ ನಂಬರಿನ ಮೊದಲ ಸೊನ್ನೆ ಅಕ್ಷರಗಳೂ ಖಾಲಿಯೇ, ಖಾಲಿಗೆ ಖಾಲಿ ಸಮ. ಈ ಕಾಲಮ್ಮಿನ ಉತ್ತರವನ್ನು ಅನುಮಾನವೆಂದು ಓದಿ, ಅಳಿಸಲು ಅಪ್ಪಣೆಯೆಂದಲ್ಲ. ಮೂಲದಲ್ಲಿ 080- ಎಂದು ಅಡ್ಡಗೆರೆ ಇದ್ದರೆ ಸಂಶಯ ಅಲ್ಲಿಗೇ ಪರಿಹಾರ; ಎ ಕಾಲಮ್ಮನ್ನು ಮುಟ್ಟದೆ ಉಳಿಸಿಕೊಳ್ಳಬೇಕಾದ್ದು ಇದಕ್ಕೇ.

ತೋರಿಸುವ ರೂಪ, ಇಡುವ ರೂಪ

ಓದಲು 98765 43210 ಎಂಬ ಐದೈದರ ಗುಂಪು ನಮಗೆ ರೂಢಿ: =ಲೆಫ್ಟ್(ಸಿ2,5)&" "&ರೈಟ್(ಸಿ2,5). ಸೆಲ್ ಫಾರ್ಮ್ಯಾಟಿನಲ್ಲಿ 00000 00000 ಎಂದು ಕೊಟ್ಟರೂ ಹಾಗೇ ಕಾಣುತ್ತದೆ, ಆದರೆ ಅದು ಸಂಖ್ಯೆಗೆ ತೊಡಿಸುವ ಬಟ್ಟೆ ಮಾತ್ರ. ನಮ್ಮ ಸಿ ಕಾಲಮ್ಮು ಪಠ್ಯವಾದ್ದರಿಂದ ಅದಕ್ಕೆ ತಗಲುವುದೇ ಇಲ್ಲ. ತಂತ್ರಾಂಶಗಳಿಗೆ ಕೊಡಲು ="+91"&ಸಿ2, ನಡುವೆ ಜಾಗವಿಲ್ಲದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಶಿಫಾರಸು ಒಪ್ಪುವ ರೂಪ ಇದೇ, ದೇಶದ ಸಂಕೇತ ಸೇರಿ ಹೆಚ್ಚೆಂದರೆ 15 ಅಂಕಿ. ವಾಟ್ಸ್ಯಾಪ್ ಕೊಂಡಿ ಕಟ್ಟುವಾಗ ಮಾತ್ರ ಕೂಡುವ ಚಿಹ್ನೆಯೂ ಬೇಡ, 91 ಆದ ಕೂಡಲೇ ನೇರ ಹತ್ತಂಕಿ.

ಎರಡು ಸಲ ಬಂದವರನ್ನು ಹುಡುಕಲು =ಕೌಂಟ್‌ಇಫ್(ಸಿ$2:ಸಿ$500,ಸಿ2)>1 ಹಾಕಿ, ನೋಡಬೇಕು ಎಂಬ ಸಾಲುಗಳೂ ಒಂದಕ್ಕೊಂದು ನಕಲೆಂದು ಎಣಿಕೆಯಾಗುವುದನ್ನು ಲೆಕ್ಕದಿಂದ ಬಿಡಿ. ವಿಲುಕಪ್ ಬಳಸಿ ಇನ್ನೊಂದು ಪಟ್ಟಿಯೊಂದಿಗೆ ಹೊಂದಿಸುವಾಗ ಕಣ್ಣೆದುರೇ ಇರುವ ನಂಬರು ಸಿಗಲಿಲ್ಲ ಎಂದರೆ, ಒಂದು ಕಡೆ ಅದು ಪಠ್ಯ, ಇನ್ನೊಂದು ಕಡೆ ಸಂಖ್ಯೆ. ಆ ಪಟ್ಟಿಯಲ್ಲೂ &"" ಹಾಕಿದ ಕಾಲಮ್ಮೊಂದು ಮಾಡಿ ಅದರಲ್ಲಿ ಹುಡುಕಿ.

ಕೊನೆಗೆ ಸಿ ಕಾಲಮ್ಮನ್ನು ನಕಲಿಸಿ, ಮೌಲ್ಯಗಳನ್ನಷ್ಟೇ ಅಂಟಿಸಿ, ಸೂತ್ರ ಬಿಡಿಸಿದ ಪ್ರತಿ ಮಾಡಿಕೊಳ್ಳಿ. ಸಿಎಸ್‌ವಿ ಮಾಡಿ ಕಳಿಸಿದರೆ ಪಠ್ಯವೆಂಬ ಗುರುತು ಕಡತದೊಂದಿಗೆ ಹೋಗುವುದಿಲ್ಲ. ಪಡೆದವರು ಡಬಲ್ ಕ್ಲಿಕ್ ಮಾಡಿದರೆ +91 ಸೇರಿಸಿ ಕೊಟ್ಟದ್ದು ಮತ್ತೆ 9.19877ಇ+11 ಆಗಿ ತೆರೆಯುತ್ತದೆ. ಅವರು ಅದನ್ನೇ ಉಳಿಸಿ ಮರಳಿಸಿದರೆ ಕೊನೆಯ ಆರಂಕಿ ಸೊನ್ನೆ. ಕಡತ ನೋಡಬೇಕೆನ್ನುವವರಿಗೆ ಎಕ್ಸೆಲ್ ಪ್ರತಿ ಕೊಡಿ, ಸಿಎಸ್‌ವಿಯನ್ನು ನೇರ ತಂತ್ರಾಂಶಕ್ಕೆ ಏರಿಸಿ.